ದೊಡ್ಡ ದವಾಖಾನೆಯ ಬಾಗಿಲಲ್ಲಿ ಅಡವಯ್ಯ ಸ್ವಾಮಿಗಳು

ಸಿರಿಗನ್ನೂರಿನ ದೊಡ್ಡ ದವಾಖಾನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲುಗಳ ಪಕ್ಕದಲ್ಲಿ ಒಂದು ತಗಡಿನ ಕೋಣೆಯಿತ್ತು. ಪೂಜ್ಯ ಶ್ರೀ ಅಡವಯ್ಯ ಸ್ವಾಮಿಗಳ ವಾಸ ಅಲ್ಲಿ. ಬೆಳಗಿನ ಶಿವಪೂಜೆ ಮುಗಿಸಿ ಅವರು ದವಾಖಾನೆಯ ಪಡಸಾಲೆಗಳನ್ನು ಗುಡಿಸುತ್ತಿದ್ದರು. ಹೊರಳಲಾರದ ರೋಗಿಗಳ ಬಾಯಿಗೆ ನೀರು ಹನಿಸುತ್ತಿದ್ದರು. ಒಂದು ಕಾಲದಲ್ಲಿ ಮಠದ ಪೀಠದಲ್ಲಿ ಕುಳಿತವರು ಇವರೇ ಎಂದರೆ ಹೊಸಬರು ನಂಬುತ್ತಿರಲಿಲ್ಲ.

ಆ ದವಾಖಾನೆ ಹುಟ್ಟಿದ್ದು ಅವರ ಮಠದಲ್ಲಿ. ಪ್ಲೇಗಿನ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೋದಾಗ, ಮನೆಯವರು ಬಿಟ್ಟುಹೋದ ಹನ್ನೆರಡು ಮಂದಿಯನ್ನು ಸ್ವಾಮಿಗಳು ಮಠದ ಉಗ್ರಾಣಕ್ಕೆ ಹೊತ್ತು ತಂದು, ಹುಲ್ಲು ಹಾಸಿ ಮಲಗಿಸಿದರು. ಮರುವರ್ಷ ಸರಕಾರ ಆ ಉಗ್ರಾಣದಲ್ಲೇ ಒಂದು ಔಷಧಾಲಯ ತೆರೆಯಿತು. ಸ್ವಾಮಿಗಳು ಪೀಠವನ್ನು ಬಿಟ್ಟರು. ಮಠದ ಜಾಗವನ್ನೆಲ್ಲ ರೋಗಿಗಳಿಗೆಂದು ಬರೆದುಕೊಟ್ಟರು.

ಆದರೆ ಔಷಧಾಲಯವನ್ನು ದೊಡ್ಡ ದವಾಖಾನೆ ಮಾಡಿದವರು ಡಾಕ್ಟರ್ ವಾಮನರಾವ್ ಮುದಗಲ್. ಹದಿನೆಂಟು ವರ್ಷ ಕಲೆಕ್ಟರರ ಕಚೇರಿಗೆ ಅಲೆದು ಹೆರಿಗೆ ವಾರ್ಡು ಕಟ್ಟಿಸಿದರು, ಕ್ಷಯದವರಿಗೆ ಬೇರೆ ಸಾಲುಮನೆ ಹಾಕಿಸಿದರು, ಆಪರೇಷನ್ ಕೋಣೆಗೆ ವಿದ್ಯುತ್ ದೀಪ ತರಿಸಿದರು. ಹನ್ನೆರಡು ಹುಲ್ಲುಹಾಸಿಗೆ ಇದ್ದಲ್ಲಿ ಇನ್ನೂರು ಮಂಚಗಳಾದವು. ಸುತ್ತಲಿನ ಮೂರು ತಾಲೂಕಿನಲ್ಲಿ ಹೊಟ್ಟೆ ಕೊಯ್ದು ಹೊಲಿಯಬಲ್ಲವರು ಅವರೊಬ್ಬರೇ.

ಇಷ್ಟಾದರೂ ಜನ ಅದನ್ನು ಕರೆಯುತ್ತಿದ್ದುದು ಸ್ವಾಮಿಗಳ ಹೆಸರಿನಲ್ಲೇ, 'ಅಜ್ಜಾರ ದವಾಖಾನಿ' ಎಂದು. ಗುಣವಾದವರು ಮಂಚದಿಂದ ಇಳಿದೊಡನೆ ಕಾಯಿ, ಹೂವು ಹಿಡಿದು ತಗಡಿನ ಕೋಣೆಗೆ ನಡೆಯುವರು. ಡಾಕ್ಟರರು ತಮ್ಮ ಕಿಟಕಿಯಲ್ಲಿ ನಿಂತು ಅದನ್ನು ನೋಡುವರು. ಅವರೇ ಹೊಲಿದ ಹೊಟ್ಟೆಗಳು, ಅವರೇ ಕೂಡಿಸಿದ ಕಾಲುಗಳು ಇನ್ನೊಬ್ಬರ ಮುಂದೆ ಹೋಗಿ ಬಾಗುತ್ತಿದ್ದವು. ಒಮ್ಮೆ ಡಾಕ್ಟರರಿಂದಲೇ ಜೀವ ಉಳಿಸಿಕೊಂಡ ತಾಲೂಕಿನ ಮಾಮಲೇದಾರರು ತುಂಬಿದ ಸಭೆಯಲ್ಲಿ, "ಅಜ್ಜಾರ ಆಶೀರ್ವಾದದಿಂದ ಬದುಕಿದೆ" ಎಂದರು. ಅಂದು ಡಾಕ್ಟರರಿಗೆ ಊಟ ಸೇರಲಿಲ್ಲ. ಸ್ವಾಮಿಗಳು ಒಂದು ಕೆಟ್ಟ ಮಾತನ್ನಾಡಿದ್ದರೆ, ಒಂದು ಕಾಣಿಕೆ ಮುಟ್ಟಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಅದೂ ಆಗಲಿಲ್ಲ.

ಕಡೆಗೊಂದು ದಿನ ಡಾಕ್ಟರರು, ದವಾಖಾನೆಯ ನೌಕರರಲ್ಲದವರು ವಾರ್ಡುಗಳಲ್ಲಿ ಕಾಲಿಡಕೂಡದೆಂದು ಹುಕುಂ ಹೊರಡಿಸಿದರು. ಯಾರಿಗಾಗಿ ಎಂಬುದು ಎಲ್ಲರಿಗೂ ತಿಳಿದಿತ್ತು. ಸ್ವಾಮಿಗಳು ಕೇಳಿ ತಲೆಯಾಡಿಸಿದರು. ಮರುದಿನದಿಂದ ಗೇಟಿನ ಹೊರಗಿನ ರಸ್ತೆಯನ್ನು ಗುಡಿಸತೊಡಗಿದರು.

ಆ ವಾರವೇ ನೇಕಾರರ ಓಣಿಯ ಫಕೀರವ್ವ ಎಂಬಾಕೆಯನ್ನು ಗಂಡ ಚಕ್ಕಡಿಯಲ್ಲಿ ಕರೆತಂದ. ಹೊಟ್ಟೆಯಲ್ಲಿ ಗಡ್ಡೆ, ಕೊಯ್ದು ತೆಗೆಯದಿದ್ದರೆ ತಿಂಗಳೊಪ್ಪತ್ತು ಉಳಿಯುವ ಜೀವವಲ್ಲ. ಆಪರೇಷನ್ನಿಗೆ ಎಲ್ಲ ಸಿದ್ಧವಾಯಿತು. ಆಕೆ ಮೇಜು ಹತ್ತಲೊಲ್ಲಳು.

"ಅಜ್ಜಾರು ತಲಿ ಮ್ಯಾಲೆ ಕೈ ಇಡೂತನಕ ನಾ ಒಲ್ಲೆರಿ."

"ಆಪರೇಷನ್ ಮಾಡಾಂವ ನಾನು, ಅವರಲ್ಲ!" ಡಾಕ್ಟರರು ಗದರಿದರು.

"ಹಂಗಾರ ನಾ ಹೊಕ್ಕೀನಿ ಬಿಡ್ರಿ," ಎಂದು ಆಕೆ ಗಂಡನ ಭುಜ ಹಿಡಿದು ಹೊರಟೇಬಿಟ್ಟಳು.

ಡಾಕ್ಟರರು ಕಿಟಕಿಯಿಂದ ನೋಡಿದರು. ಹೋಗಲಿ, ಸಾಯಲಿ, ಅಜ್ಜನನ್ನು ನಂಬಿದರೆ ಏನಾಗುತ್ತದೆಂದು ಊರಿಗೆ ತಿಳಿಯಲಿ ಎಂದು ಅವರ ಮನಸ್ಸು ನುಡಿಯಿತು. ನುಡಿದದ್ದು ತಾವೇ ಎಂದು ಅರಿವಾದಾಗ ಅವರು ಕಿಟಕಿಯಿಂದ ಹಿಂದೆ ಸರಿದರು. ರೋಗಿಯ ಸಾವನ್ನು ಅವರು ಎಂದೂ ಬಯಸಿದವರಲ್ಲ. ಬಿಳಿ ಅಂಗಿಯಲ್ಲೇ ಓಡುತ್ತ ಗೇಟಿಗೆ ಬಂದರು.

ಅಲ್ಲಿ ಫಕೀರವ್ವ ಸ್ವಾಮಿಗಳ ಪಾದದ ಬಳಿ ಕುಳಿತಿದ್ದಳು. ಡಾಕ್ಟರರಿಗೆ ಏದುಸಿರು.

"ಸ್ವಾಮಿಗಳ, ಆಕೀನ್ನ ಒಳಗ ಕಳಸ್ರಿ. ಇಲ್ಲಾಂದ್ರ ಉಳಿಯೂದಿಲ್ಲ." ಕಣ್ಣೆತ್ತದೆ ಹೇಳಿದರು: "ಹುಕುಂ ಹೊರಡಿಸಿದ್ದು ಶಿಸ್ತಿಗಲ್ಲರಿ. ನನಗ ನಿಮ್ಮ ಮ್ಯಾಲೆ ಮತ್ಸರ ಅದ."

ಸ್ವಾಮಿಗಳು ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟರು.

"ನನಗೂ ಐತ್ರಿ, ನಿಮ್ಮ ಮ್ಯಾಲೆ," ಎಂದರು.

ಈ ಮಾತನ್ನು ಬರೆಯಬೇಡಿರೆಂದು ಕೆಲವು ಭಕ್ತರು ನನಗೆ ಹೇಳಿದ್ದುಂಟು. ಮಹಾತ್ಮರಿಗೆ ಮತ್ಸರವೆಲ್ಲಿಯದು ಎಂಬುದು ಅವರ ಮಾತು. ಆದರೆ ಡಾಕ್ಟರರೇ ತಮ್ಮ ಮುಪ್ಪಿನಲ್ಲಿ ನನ್ನೆದುರು ಕಣ್ಣೊರೆಸಿಕೊಳ್ಳುತ್ತ ಹೇಳಿದ್ದು ಇದನ್ನೇ. ನಾನು ಮುಚ್ಚಿಡಲಾರೆ.

ಸ್ವಾಮಿಗಳು ಮುಂದುವರಿದರು: "ಪ್ಲೇಗಿನ್ಯಾಗ ಹನ್ನೆರಡು ಮಂದೀನ ಹೊತ್ತು ತಂದೆ. ಜಪ ಮಾಡಿದೆ, ವಿಭೂತಿ ಹಚ್ಚಿದೆ. ಹನ್ನೊಂದು ಮಂದಿ ಈ ತೊಡೀ ಮ್ಯಾಲೇ ಹ್ವಾದ್ರು. ನೀವು ಬಂದು ಸಾಯವರನ್ನ ನಡಿಸಿ ಮನಿಗೆ ಕಳಿಸಿದ್ರಿ. ಶಿವಾ, ಆ ಕೈ ನನಗ್ಯಾಕ ಕೊಡಲಿಲ್ಲ ಅಂತ ಉರದೀನಿ. ಆ ಮತ್ಸರ ಕರಗಲಿ ಅಂತ ನಿಮ್ಮ ರೋಗಿಗಳ ಕಾಲಬುಡಕ ಕಸಾ ಹೊಡಿತೀನಿ."

"ಕರಗೇದೇನ್ರಿ?" ಡಾಕ್ಟರರು ಕೇಳಿದರು.

"ಪೂರಾ ಇಲ್ರಿ."

ಆಮೇಲೆ ಫಕೀರವ್ವನ ತಲೆಯ ಮೇಲೆ ಕೈಯಿಟ್ಟರು. "ಈ ಕೈಯಾಗ ಸತ್ತವರು ಭಾಳ, ಮಗಳ. ಅವರ ಕೈಯಾಗ ನೀ ಬದಕ್ತಿ. ಏಳು, ನಡಿ."

ಆಕೆ ಎದ್ದಳು. ಡಾಕ್ಟರರೇ ಒಂದು ಕಡೆ ತೋಳು ಹಿಡಿದರು. ಗೇಟು ದಾಟುವಾಗ ತಿರುಗಿ, "ನೀವೂ ಬರ್ರಿ" ಎಂದು ಸ್ವಾಮಿಗಳನ್ನು ಕರೆದರು. ಮೂರು ತಾಸು ಆಪರೇಷನ್ ನಡೆಯಿತು. ಫಕೀರವ್ವ ಬದುಕಿದಳು, ಮತ್ತೆ ಮಗ್ಗದ ಮುಂದೆ ಕುಳಿತಳು, ಮೊಮ್ಮಕ್ಕಳನ್ನೂ ಕಂಡಳು. ಹುಕುಂ ಅಂದೇ ರದ್ದಾಯಿತು.

ಸ್ವಾಮಿಗಳು ಲಿಂಗೈಕ್ಯರಾದ ಕೆಲವು ವರ್ಷಗಳಿಗೆ ಮುಂಬಯಿಯಿಂದ ಸಿಕ್ವೇರಾ ಎಂಬ ತರುಣ ಶಸ್ತ್ರವೈದ್ಯರು ಆ ದವಾಖಾನೆಗೆ ಬಂದರು. ಕೈ ಬಹಳ ಚುರುಕು. ಜನ ದೊಡ್ಡ ಡಾಕ್ಟರರನ್ನು ಬಿಟ್ಟು, "ಸಣ್ಣ ಡಾಕ್ಟರ್ ಎಲ್ಲಿದಾರ್ರಿ?" ಎಂದು ಕೇಳತೊಡಗಿದರು. ಒಂದು ಬೆಳಿಗ್ಗೆ ಮುದಗಲ್ ಡಾಕ್ಟರರು ಆಪರೇಷನ್ ಕೋಣೆಗೆ ಹೋಗಿ, ಕೈ ತೊಳೆದು, ಮೇಜಿನ ಆಚೆ ಸಹಾಯಕರು ನಿಲ್ಲುವ ಜಾಗದಲ್ಲಿ ನಿಂತರು.

ಸಿಕ್ವೇರಾ ಗಾಬರಿಯಾದರು. "ಸರ್, ನೀವು ಈ ಕಡೆ ಬನ್ನಿ."

"ಬ್ಯಾಡ್ರಿ. ಮಂದಿ ನಿಮ್ಮನ್ನ ಹುಡುಕಿಕೊಂಡು ಬರೂದು ನೋಡಿ ನನಗ ಭಾಳ ಮತ್ಸರ ಆಗೇದ. ಅದಕ್ಕ ಇಲ್ಲೇ ನಿಲ್ತೀನಿ," ಎಂದರು ವಾಮನರಾಯರು. "ಹೂಂ, ಶುರು ಮಾಡ್ರಿ."