ಕಮಲಾಕ್ಷಮ್ಮ ತಾನೇ ಸಂಕಲ್ಪ ಹೇಳಿದ ಕಥೆ

ದೀಪದ ಮುಂದೆ ಕುಳಿತವರು ಮಾತು ನಿಲ್ಲಿಸಿ, ಕೈಯಲ್ಲಿ ಅಕ್ಷತೆ ಹಿಡಿದು ಕೇಳುವಂಥವರಾಗಿ. ವೇದಾವತಿಯ ದಡದ ಪಟ್ಟಣದಲ್ಲಿ ನಾಗಲಿಂಗಾಚಾರಿ ಎಂಬ ಅಕ್ಕಸಾಲಿಗನು ಪತ್ನಿ ಕಮಲಾಕ್ಷಮ್ಮನೊಡನೆ ಸುಖವಾಗಿರಲು, ಆಕೆಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಹುಟ್ಟಿ ಮೈಯೊಳಗೆಲ್ಲ ಹರಡಿತು. ವೈದ್ಯರು ಅದನ್ನು ಗಂಡನಿಗೆ ಹೇಳಿದರು. ಗಂಡನು ಹೆಂಡತಿಗೆ ಬರೀ ಹುಣ್ಣೆಂದನು. ಚಿನ್ನದ ಬೆರಕೆಯನ್ನು ಉಜ್ಜಿ ಕಂಡುಹಿಡಿಯುವ ಆ ಜಾಣನಿಗೆ, ಔಷಧಿಗೆ ಕೂದಲುದುರಿದ ಹೆಂಡತಿ ಹುಣ್ಣಿನ ಮಾತನ್ನು ನಂಬಿಲ್ಲವೆಂಬುದು ಮಾತ್ರ ಹೊಳೆಯಲಿಲ್ಲ.

ಹೀಗಿರಲು ಆ ಮೊದಲ ಔಷಧಿ ನಾಟದಿರಲು, ಇನ್ನೊಂದಿದೆ, ಪೂರ್ತಿ ಗುಣವಾಗದು, ಕೆಲವು ತಿಂಗಳು ಸಿಗಬಹುದು, ಸುಸ್ತು ಹೆಚ್ಚು, ಹೆಂಡತಿಯನ್ನು ಕೇಳಿಕೊಂಡು ಬನ್ನಿ ಎಂದು ವೈದ್ಯರು ಹೇಳಲು, ಆಚಾರಿಯು ಆಕೆ ತಾಳಲಾರಳೆಂದು ತಾನೇ ನಿಶ್ಚಯಿಸಿ, ಬೇಡವೆಂದು ಬಂದು, ಹೆಂಡತಿಯ ಹೆಸರಿನಲ್ಲಿ ಗೌರೀವ್ರತಕ್ಕೆ ತಾನೇ ಕುಳಿತನು. ಸಂಕಲ್ಪದಲ್ಲಿ ರೋಗದ ಹೆಸರೆತ್ತದೆ, ಮನೆಮಂದಿಯ ಕ್ಷೇಮ ಎಂದಷ್ಟೇ ಹೇಳಿ ನೀರು ಬಿಟ್ಟನು.

ಆಗ ಬಾಗಿನಕ್ಕೆ ಬಂದಿದ್ದ ಮುದಿ ಮುತ್ತೈದೆಯೊಬ್ಬಳು, "ವ್ರತ ಅವಳದು, ಬೇಡಿಕೊಳ್ಳೋನು ನೀನು. ಅವಳಿಗೇನು ಬೇಕಂತಪ್ಪಾ?" ಎಂದು ಕೇಳಲು, ಆಚಾರಿಯು ಮಣೆ ಬಿಟ್ಟು ಎದ್ದನು. ಆಕೆ ಸಾಕ್ಷಾತ್ ಗೌರಿಯೋ, ಪಕ್ಕದ ಬೀದಿಯವಳೋ, ಕಥೆಗೆ ಗೊತ್ತಿಲ್ಲ.

ಅವನು ಒಳಗೆ ಹೋಗಿ, ಹೆಂಡತಿಯ ಕೈಹಿಡಿದು ತಂದು ಮಣೆಯ ಮೇಲೆ ಕೂರಿಸಿ, ಎಲ್ಲವನ್ನೂ ಹೇಳಿ ಅತ್ತನು.

"ಹುಣ್ಣಲ್ಲ ಅಂತ ನಂಗೆ ಗೊತ್ತಿತ್ತು ಕಣ್ರೀ. ಆದ್ರೆ ಮೈ ನಂದು, ಬೇಡ ಅಂದು ಬಂದೋರು ನೀವು. ಒಂದು ಮಾತು ಕೇಳ್ಬಾರದಿತ್ತೇ?" ಎಂದ ಕಮಲಾಕ್ಷಮ್ಮನು, ರೋಗದ ಹೆಸರು ಹೇಳಿ, ಆ ಔಷಧಿ ತೆಗೆದುಕೊಳ್ಳುವೆನು, ಸಾಕೆನಿಸಿದ ದಿನ ನಾನೇ ಸಾಕೆನ್ನುವೆನು ಎಂದು ಸಂಕಲ್ಪ ಮಾಡಿ ನೀರು ಬಿಟ್ಟಳು.

ಅಲ್ಲಿಂದ ಏಳು ತಿಂಗಳು ಬದುಕಿದಳು. ತಂಗಿಯನ್ನು ಕರೆಸಿ ಹಳೆಯ ಜಗಳ ತೀರಿಸಿದಳು. ಐದನೆಯ ತಿಂಗಳು ಸಾಕೆಂದಳು, ಗಂಡನು ಎದುರಾಡಲಿಲ್ಲ. ವೈದ್ಯರು ನೋವಿಗೆ ಔಷಧಿ ಕೊಡಲು, ನೋವು ಕಡಿಮೆಯಾಗಿ, ಮನೆಯಲ್ಲೇ ಕಣ್ಮುಚ್ಚಿದಳು. ರೋಗ ಮಾಯವಾಯಿತೆಂದು ಓದುವ ಆಸೆ ನನಗೂ ಇತ್ತು. ಹಾಗಾಗಲಿಲ್ಲ.

ಇದನ್ನು ಓದಿದವರಿಗೂ ಕೇಳಿದವರಿಗೂ ಕಮಲಾಕ್ಷಮ್ಮನಿಗಾದ ಫಲವೇ ಆಗುವುದು: ಅವರ ಮೈಯ ಮಾತನ್ನು ಮನೆಯವರು ಅವರನ್ನೇ ಕೇಳುವರು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಈ ದೀಪದ ಮುಂದೆ ಅವರು ಕುಳಿತಿರಬೇಕು. ಅವರನ್ನು ಒಳಗೆ ಮಲಗಿಸಿ ಬಾಗಿಲು ಮುಚ್ಚಿ ಓದಿದ್ದಾದರೆ, ಈಗಲೇ ಹೋಗಿ ಕರೆತಂದು ಕೂರಿಸಿ, ಕಥೆಯನ್ನು ಮೊದಲಿನಿಂದ ಓದತಕ್ಕದ್ದು.