ಪಿಕಳಾರದ ಪುಟ

"ಪುಸ್ತಕ ಜೋಪಾನ ರೀ" ಅಂದಳು ಸಿದ್ದಮ್ಮ. ಅದೇ ಅವಳ ಕೊನೆಯ ಮಾತು.

ಹೊಳೆದಂಡೆಯ ಆಶ್ರಮದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ಅವಳು. ಪುಸ್ತಕವೂ ಅವಳ ಕೈಯದೇ. ಅಕ್ಷರ ಇಲ್ಲ, ಬರೀ ಚಿತ್ರ. ಕೆಮ್ಮಣ್ಣು, ಅರಿಶಿನ, ಸೊಪ್ಪಿನ ರಸದಲ್ಲಿ ಬರೆದ ಹಕ್ಕಿ, ಹುಳ, ಮರ, ಮೀನು.

ಅವಳು ಹೋದಮೇಲೆ ಗುರುಗಳು ಆ ಪಾಠವನ್ನು ಅವಳ ಗಂಡ ಚೌಡಪ್ಪನಿಗೆ ಒಪ್ಪಿಸಿದರು.

ನವರಾತ್ರಿ ಬಂತು. ಎಲ್ಲರ ಹಾಗೆ ಅವನೂ ಪುಸ್ತಕವನ್ನು ಸರಸ್ವತಿಯ ಮುಂದೆ ಪೂಜೆಗಿಟ್ಟ. ಪೂಜೆಗಿಟ್ಟ ಪುಸ್ತಕ ಯಾರೂ ತೆರೆಯುವಂತಿಲ್ಲ. ವಿಜಯದಶಮಿಗೆ ಎಲ್ಲರೂ ತಂತಮ್ಮದು ಇಳಿಸಿಕೊಂಡರು. ಚೌಡಪ್ಪ ಇಳಿಸಲಿಲ್ಲ. ಯುಗಾದಿ ಬಂದರೂ ಇಳಿಸಲಿಲ್ಲ.

ಮಕ್ಕಳು ದೂರದಿಂದ ಕೈಮುಗಿಯಬೇಕು. ಅವನು ಕೇಳಿದ್ದಕ್ಕೆ ಬಾಯಿಪಾಠ ಒಪ್ಪಿಸಬೇಕು.

"ಪಿಕಳಾರದ ಗೂಡಲ್ಲಿ ಏನಿದೆ?"

"ಮೊಟ್ಟೆ!"

ಒಂದು ಮಧ್ಯಾಹ್ನ ಚೌಡಪ್ಪ ಗುರುಗಳ ಹತ್ತಿರ ದಡದಡ ಬಂದ. ಒಂದು ಕೈಯಲ್ಲಿ ಪುಸ್ತಕ. ಇನ್ನೊಂದು ಕೈಯಲ್ಲಿ ರಂಗಿ ಅನ್ನೋ ಹುಡುಗಿಯ ರಟ್ಟೆ.

"ಈ ಮಾರೀನ ಇವತ್ತೇ ಮನೆಗೆ ಅಟ್ಟಿ. ಇಲ್ಲಾಂದ್ರೆ ನಾನೇ ಹೋಗ್ತೀನಿ."

"ಏನು ಮಾಡಿದಳು?"

"ನೋಡಿ! ಪೂಜೆಯಿಂದ ಕದ್ದು ಇದ್ದಿಲಲ್ಲಿ ಗೀಚಿದ್ದಾಳೆ. ನನ್ನ ಹೆಂಡ್ತಿ ಬರೆದ ಮೊಟ್ಟೆ ಮೇಲೆ!"

ಗುರುಗಳು ನೋಡಿದರು. ಮೊಟ್ಟೆಗಳ ಮೇಲೆ ಅಗಲಕ್ಕೆ ಬಾಯಿ ತೆರೆದ ಕೊಕ್ಕುಗಳು.

"ಯಾಕಮ್ಮಾ?"

ರಂಗಿ ಮೂಗು ಒರೆಸಿಕೊಂಡಳು. "ನಿಂಬೆಗಿಡದ ಗೂಡಲ್ಲಿ ಮರಿ ಬಂದ್ವು ಗುರುಗಳೇ. ಪುಸ್ತಕದಲ್ಲಿ ಇನ್ನೂ ಮೊಟ್ಟೇನೇ ಇತ್ತು."

ಗುರುಗಳು ನಕ್ಕುಬಿಟ್ಟರು. ಚೌಡಪ್ಪನಿಗೆ ಮೈಯೆಲ್ಲ ಉರಿಯಿತು.

"ನಗ್ತೀರಾ ಸ್ವಾಮಿ? ನಗಿ. ನಿಮಗೆ ಹೆಂಡ್ತಿ ಇದ್ದು ಸತ್ತಿದ್ರೆ ಗೊತ್ತಾಗ್ತಿತ್ತು. ಜೋಪಾನ ಅಂದ್ಲು, ಜೋಪಾನ ಮಾಡ್ದೆ. ಅದು ತಪ್ಪಾ?"

"ಯಾರಿಂದ ಜೋಪಾನ?"

"ಇವರಿಂದ! ಈ ಮಕ್ಕಳ ಕೈಯಿಂದ!"

ಗುರುಗಳು ಒಂದು ಬಟ್ಟೆ ಒದ್ದೆ ಮಾಡಿ ತಂದು ಅವನ ಕೈಗಿಟ್ಟರು.

"ಮರಿ ಬೇಡ ತಾನೆ? ಒರೆಸು."

ಚೌಡಪ್ಪ ಒರೆಸಿದ. ಬಟ್ಟೆಗೆ ಇದ್ದಿಲು ಹತ್ತಿತು. ಜೊತೆಗೆ ಕೆಮ್ಮಣ್ಣೂ ಹತ್ತಿತು. ಅವನ ಕೈ ನಿಂತಿತು.

"ಒರೆಸಪ್ಪ."

"ಅವಳ ಬಣ್ಣ ಬರ್ತಾ ಇದೆ."

"ಮತ್ತೇನು ಮಾಡ್ತೀಯ?"

"ಏನು ಮಾಡ್ಲಿ? ನೀವೇ ಹೇಳಿ! ಗುರುಗಳು ಅಲ್ವಾ ನೀವು?"

ಗುರುಗಳು ಎದ್ದು ಒಳಗೆ ಹೋದರು.

ಮಾರನೆಯ ಬೆಳಗ್ಗೆ ಚೌಡಪ್ಪ ಪುಸ್ತಕವನ್ನು ನಿಂಬೆಗಿಡದ ಬುಡಕ್ಕೆ ತಂದ. ಮಕ್ಕಳ ನಡುವೆ ಬಿಚ್ಚಿಟ್ಟ. ಮುಖದ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಏ ರಂಗಿ, ಬರೆಯೋದೇ ಆದ್ರೆ ನೆಟ್ಟಗೆ ಬರಿ. ಮರಿಗೆ ಕಣ್ಣೆಲ್ಲೇ?"

"ಇನ್ನೂ ಕಣ್ಣು ಬಿಟ್ಟಿಲ್ಲ ತಾತ. ಬೇಕಾದ್ರೆ ನೀನೇ ನೋಡು."

ಅವನು ಮುಳ್ಳು ಸರಿಸಿ, ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ. ಮಕ್ಕಳು ಪುಟ ತಿರುವುತ್ತಿದ್ದವು.

ಸ್ನಾನ ಮುಗಿಸಿ ಹೊಳೆಯಿಂದ ಬರುತ್ತಿದ್ದ ಗುರುಗಳು ಅಲ್ಲೇ ನಿಂತರು.

"ಇನ್ನು ಸ್ವಲ್ಪ ದಿನಕ್ಕೆ ಮರಿ ಹಾರಿಹೋಗ್ತವೆ ಚೌಡಪ್ಪ. ಖಾಲಿ ಗೂಡನ್ನೂ ಇವರಿಗೆ ನೀನೇ ತೋರಿಸಬೇಕು."