ಏಡಿ ಕದ್ದ ಕೆರೆ

ಒಂದಾನೊಂದು ಕಾಲದಲ್ಲಿ, ಯಾರನ್ನೂ ಯಾರೂ ನಂಬದ ಒಂದು ಊರಿತ್ತಂತೆ ಕಂದಾ. ಊರ ಮುಂದೆ ಕೆರೆ, ಕೆರೆಯ ಮಗ್ಗುಲಿಗೇ ಹದ್ದಿನ ಗುಡ್ಡ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡೋ ನೀರುಗಂಟಿ ಬೋರ ಅಂತ. ಆ ವರ್ಷ ತೂಬು ಮುಚ್ಚಿದ್ದರೂ ನೀರು ಇಳೀತಾನೇ ಇತ್ತಂತೆ. ನಡುನೀರಲ್ಲಿದ್ದ ಕಲ್ಲುಬಸವನ ಕೊಂಬು ಕಾಣಿಸಿತು, ಆಮೇಲೆ ಕಿವಿ ಕಾಣಿಸಿತು, ಆಮೇಲೆ ಊರಿನ ಬಾಯಿ ತೆರೀತು. ಬೋರನೇ ಕದ್ದು ತೂಬು ಎತ್ತುತ್ತಾನೆ ಅಂತ. ನಾಳೆ ಹೊತ್ತು ಮುಳುಗೋದರೊಳಗೆ ಕಳ್ಳನನ್ನ ತೋರಿಸು, ಇಲ್ಲದಿದ್ದರೆ ಹೆಂಡತಿ ಮಗು ಕರಕೊಂಡು ಊರು ಬಿಡು ಅಂದರಂತೆ.

ಬೋರ ಅಂದನಂತೆ, ಹಂಗಾದ್ರೆ ನನ್ ಜೊತೆ ಗುಡ್ಡ ಹತ್ತಿ. ಮೇಲಿಂದ ಕೆರೆ ಪೂರ್ತಿ ಕಾಣ್ತದೆ, ತೂಬು ಯಾರು ಮುಟ್ತಾರೋ ನೀವೇ ನೋಡಿ.

ಕೆರೆ ಕೆಳಗೆ ಭೂಮಿ ಇದ್ದವರು ಮೂವರು. ಗದ್ದೆಯ ಕರಿಗೌಡ, ಎಲೆತೋಟದ ಸಿದ್ದಪ್ಪ, ಕಾಲುವೆಯ ಕೊನೆಯಲ್ಲಿ ಭತ್ತ ಬೆಳೆಯೋ ಸಂಕಮ್ಮ. ಒಬ್ಬರು ಹೋಗಿ ಇಬ್ಬರು ಉಳಿದರೆ ಉಳಿದವರೇ ತೂಬು ಎತ್ತಿದರೆ? ಅದಕ್ಕೇ ಮಾರನೇ ಬೆಳಿಗ್ಗೆ ಮೂವರೂ ಹೊರಟರಂತೆ. ಬೋರನ ಹೆಂಡತಿ ಚೌಡಿಯನ್ನ, ಅವಳೂ ತೂಬು ಮುಟ್ಟದಿರಲಿ ಅಂತ, ಸಂಕಮ್ಮ ಮೊದಲೇ ಅರಳಿಕಟ್ಟೆ ಮೇಲೆ ಊರವರ ಕಣ್ಣೆದುರಿಗೆ ಕೂರಿಸಿ ಬಂದಿದ್ದಳಂತೆ.

ಮೊದಲನೇ ತಕರಾರು, ಹಿಂದೆ ನಡೆಯೋರು ಯಾರು ಅಂತ. ಹಿಂದಿದ್ದವನು ಮೆಲ್ಲಗೆ ಕೆಳಗಿಳಿದುಬಿಟ್ಟರೆ? ಮೇಕೆ ಹೋಗೋವಷ್ಟೇ ಅಗಲದ ದಾರೀಲಿ ನಾಲ್ಕೂ ಜನ ಅಕ್ಕಪಕ್ಕ ನಡೆದು, ಮುಳ್ಳೆಲ್ಲ ಮೈಗೆ ಹೊಲಿದುಕೊಂಡರಂತೆ. ಆಮೇಲೆ ಬಾಯಾರಿಕೆ ಆಗಿ ಬೋರ ಸೋರೆಬುರುಡೆ ಎತ್ತಿದ. ಸಂಕಮ್ಮ ಕೈ ತಡೆದಳಂತೆ. ಲೋ ಬೋರ, ಇದು ಯಾವ ನೀರು? ಕೆರೇದೇ ಕಣವ್ವ. ಹ್ಞೂಂ, ನೋಡಿ ಗೌಡ್ರೇ, ಒಪ್ಕೊಂಡ. ಆಮೇಲೆ ಗುಡ್ಡದ ಬೆನ್ನ ಮೇಲೆ ರೊಟ್ಟಿ ಬಿಚ್ಚಿ ಕೂತರೆ, ಮೂವರೂ ಒಂದು ಕಣ್ಣು ರೊಟ್ಟಿ ಮೇಲೆ, ಒಂದು ಕಣ್ಣು ಪಕ್ಕದವರ ಮೇಲೆ ಇಟ್ಟಿದ್ದರಂತೆ. ಕೆರೆ ನೋಡೋಕೆ ಕಣ್ಣೇ ಉಳಿಯಲಿಲ್ಲ. ಬೋರ ಒಬ್ಬನೇ ನೋಡ್ತಾ ಕೂತಿದ್ದ.

ತೂಬಿನ ಹತ್ತಿರ ಒಂದು ಕಾಗೆಯೂ ಸುಳಿಯಲಿಲ್ಲವಂತೆ. ಆದರೆ ಹೊತ್ತು ವಾಲೋ ಹೊತ್ತಿಗೆ ಒಂದು ಬೆಳ್ಳಕ್ಕಿ ಬಂದು ಕಲ್ಲುಬಸವನ ಬೆನ್ನ ಮೇಲೆ ಕೂತಿತು. ಬೆಳಿಗ್ಗೆ ಬಸವನಿಗೆ ಬೆನ್ನೇ ಇರಲಿಲ್ಲ.

ತೂಬು ಯಾರೂ ಮುಟ್ಟದೇನೇ ನೀರು ಇಳಿದಿತ್ತು. ಬೋರನ ಮುಖ ಇಳಿದುಹೋಯಿತಂತೆ. ಕಳ್ಳ ಸಿಗಲಿಲ್ಲ, ಸೂರ್ಯ ನಿಲ್ಲಲಿಲ್ಲ.

ಆಗ ಸಂಕಮ್ಮ ಎದ್ದು ನಿಂತಳಂತೆ. ಕೆರೆಗೆ ಕಟ್ಟಿದ ಮಣ್ಣಿನ ಏರಿಯ ಆಚೆ, ಕತ್ತಾಳೆ ಮೆಳೆಯ ಹಿಂದೆ, ಕೆಳಗಿಂದ ಯಾರಿಗೂ ಕಾಣದ ಜಾಗದಲ್ಲಿ ಸೀರೆಯಂಚಿನ ಹಾಗೆ ಉದ್ದಕ್ಕೆ ಹಸಿರು. ಸಿದ್ದಪ್ಪಾ, ಕಳ್ಳತನದಲ್ಲಿ ಎಲೆಬಳ್ಳಿ ಹಾಕಿದ್ದೀಯಾ? ಅಯ್ಯೋ ನಂದಲ್ಲ ಕಣಕ್ಕ. ಗೌಡ್ರೇ, ನಿಮ್ದಾ? ನಮ್ಮಪ್ಪನಾಣೆ ಅಲ್ಲ. ಮತ್ತೆ ಯಾರೂ ಬಿತ್ತದ ಹುಲ್ಲಿಗೆ ನೀರು ಹಾಯಿಸ್ತಿರೋರು ಯಾರು ಅಂದಳಂತೆ.

ಬೋರ ಗುಡ್ಡ ಇಳಿದು ಓಡಿದ. ಮೂವರೂ ಅವನ ಹಿಂದೆ ಓಡಿದರು, ಹಿಂದೆ ಯಾರು ಅಂತ ಯಾರೂ ಕೇಳಲಿಲ್ಲ. ಮೆಳೆ ಕಡಿದು ನೋಡಿದರೆ ಏರಿಯ ಹೊಟ್ಟೆ ತುಂಬ ಏಡಿ ಬಿಲವಂತೆ, ಗುಳುಗುಳು ನೀರು ಸೋರ್ತಾ ಇದೆ. ಅಗೆದು ಏಡಿ ಹಿಡಿದರು, ಆಮೇಲೆ ಜೇಡಿಮಣ್ಣು ತುಳಿದು ತುಂಬಿದರು. ಹೊತ್ತು ಮುಳುಗೋದಕ್ಕೆ ಇನ್ನೂ ಚೂರು ಬಾಕಿ ಇತ್ತು.

ತಪ್ಪಾಯ್ತು ಅನ್ನೋಕೆ ಸಂಕಮ್ಮನಿಗೆ ನಾಲಿಗೆ ಹೊರಳಲಿಲ್ಲ. ಆ ಏಡಿಗಳನ್ನೇ ಖಾರವಾಗಿ ಸಾರು ಮಾಡಿ ಬೋರನ ಮನೆಗೆ ಹೊತ್ತುಕೊಂಡು ಹೋದಳಂತೆ. ಚೌಡಿ ಕಟ್ಟೆಯಿಂದ ಆಗಷ್ಟೇ ಬಂದಿದ್ದಳು. ಮಗುವನ್ನ ಸೊಂಟಕ್ಕೇರಿಸಿ, ಪಾತ್ರೆ ನೋಡಿ, ಸಂಕಮ್ಮನ ಮುಖ ನೋಡಿ ಅಂದಳಂತೆ, ಮೊದ್ಲು ನೀವೊಂದು ತುತ್ತು ತಿನ್ನಿ ಸಂಕಮ್ಮೋರೆ.

ಸಂಕಮ್ಮ ಹೊಟ್ಟೆ ಹಿಡಿದು ನಕ್ಕಳಂತೆ. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಉಂಡಳು. ಆಮೇಲೆ ಎಲ್ಲರೂ ಉಂಡರು. ಬೋರ ಊರಲ್ಲೇ ಉಳಿದ, ಮುಂದಿನ ಮಳೆಗೆ ಬಸವ ಮತ್ತೆ ನೀರಲ್ಲಿ ಮುಳುಗಿದ.

ಕತೆ ಮುಗೀತು, ಕಣ್ಣು ಮುಚ್ಚು. ಪೂರ್ತಿ ಮುಚ್ಚು. ನೀನು ನಿದ್ದೆ ಮಾಡ್ತಿದ್ದೀಯ ಅಂತ ನಂಗೇನೂ ನಂಬಿಕೆ ಇಲ್ಲ.